ಕ್ಯಾಮ್‌ಶಾಫ್ಟ್ ಇಲ್ಲದ ಎಂಜಿನ್‌ಗೆ ಅಡ್ಡಿಯಾಗಿರುವುದು ಬೆಲೆಯೋ, ಭೌತಶಾಸ್ತ್ರವೋ?

ಪ್ರಶ್ನೆ: ಯಂತ್ರಾಸಕ್ತ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ನಾನು, ಎಂಜಿನ್‌ಗೆ ಗಾಳಿ ಒಳಬರಲು, ಉರಿದ ಅನಿಲ ಹೊರಹೋಗಲು ದಾರಿಬಿಡುವ ವಾಲ್ವ್‌ಗಳನ್ನು ತೆರೆದು ಮುಚ್ಚುವ ವ್ಯವಸ್ಥೆಗಳ ಬಗ್ಗೆ ಸೆಮಿನಾರ್ ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ವಾಲ್ವ್‌ಗಳು ಬ್ಲಾಕ್‌ನಲ್ಲಿ, ಸಿಲಿಂಡರ್‌ನ ಪಕ್ಕದಲ್ಲಿದ್ದ ಸೈಡ್ ವಾಲ್ವ್ ವಿನ್ಯಾಸದಿಂದ (1932ರ ಫೋರ್ಡ್ ವಿ-8 ಅದರ ಪ್ರಸಿದ್ಧ ಉದಾಹರಣೆ) ಪುಶ್‌ರಾಡ್ (ತಳ್ಳುವ ಸರಳು) ಮತ್ತು ರಾಕರ್ ಆರ್ಮ್‌ಗಳಿಗೆ (ತೂಗುವ ಸನ್ನೆಗಳಿಗೆ), ಅಲ್ಲಿಂದ ಹೆಡ್‌ನ (ಸಿಲಿಂಡರ್‌ನ ಮುಚ್ಚಳದ) ಮೇಲೆಯೇ ಕೂರುವ ಒಂಟಿ ಇಲ್ಲವೆ ಜೋಡಿ ಕ್ಯಾಮ್‌ಶಾಫ್ಟ್‌ಗಳಿಗೆ (ತಿರುಗುತ್ತ ವಾಲ್ವ್‌ಗಳನ್ನು ಒತ್ತುವ ಉಬ್ಬುಗಳು, ಅಂದರೆ ಕ್ಯಾಮ್‌ಗಳು ಇರುವ ದಂಡಗಳಿಗೆ) ಬಂದದ್ದು ಏಕೆಂಬುದು ಅರ್ಥವಾಗಿದೆ. ವಾಲ್ವ್‌ಗಳು ಹೆಡ್‌ಗೆ ಬಂದ ಮೇಲೆ ದಹನಕೋಣೆ ಅಡಕವಾಗಿ ಸಂಪೀಡನ ಅನುಪಾತವನ್ನು (ಗಾಳಿ-ಇಂಧನವನ್ನು ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬುದನ್ನು) ಏರಿಸಲು ಸಾಧ್ಯವಾಯಿತು. ಕ್ಯಾಮ್ ವಾಲ್ವ್‌ಗೆ ಹತ್ತಿರವಾದಷ್ಟೂ ನಡುವೆ ಹಿಂದೆ ಮುಂದೆ ಓಡಾಡುವ ತೂಕ ಕಡಿಮೆಯಾಯಿತು.

ನನಗೆ ಬಗೆಹರಿಯದಿರುವುದು ಅದರ ಮುಂದಿನ ಹೆಜ್ಜೆ. ಕ್ಯಾಮ್‌ನ ಉಬ್ಬಿನ ಆಕಾರವನ್ನು ಒಮ್ಮೆ ಕೊರೆದ ಮೇಲೆ ವಾಲ್ವ್ ಯಾವಾಗ, ಎಷ್ಟು, ಎಷ್ಟು ಹೊತ್ತು ತೆರೆಯಬೇಕೆಂಬುದು ಅಲ್ಲಿಗೇ ನಿಶ್ಚಯವಾಗಿಬಿಡುತ್ತದೆ. ನಿಧಾನಗತಿಗೆ ಹೊಂದುವ ಆಕಾರ ಹೆಚ್ಚಿನ ವೇಗದಲ್ಲಿ ಸಾಕಷ್ಟು ಗಾಳಿ ಬಿಡುವುದಿಲ್ಲ, ಹೆಚ್ಚಿನ ವೇಗಕ್ಕೆ ಹೊಂದುವ ಆಕಾರದಿಂದ ಐಡ್ಲಿಂಗ್ (ವಾಹನ ನಿಂತಿದ್ದಾಗಿನ ನಿಧಾನದ ಓಟ) ಕೆಡುತ್ತದೆ. ಹಾಗಿದ್ದರೆ ಪ್ರತಿ ವಾಲ್ವ್‌ಗೂ ಒಂದು ವಿದ್ಯುತ್ ಅಥವಾ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಚಾಲಕವನ್ನು, ಅಂದರೆ ವಾಲ್ವ್ ಅನ್ನು ಅಲುಗಿಸುವ ಸಾಧನವನ್ನು ಕೊಟ್ಟು, ನಿಯಂತ್ರಣವನ್ನು ಕಂಪ್ಯೂಟರ್‌ಗೆ ಒಪ್ಪಿಸಬಾರದೇಕೆ? ಇಗ್ನಿಷನ್ ಮತ್ತು ಇಂಧನ ಇಂಜೆಕ್ಷನ್‌ಗಳೆರಡೂ ಯಾಂತ್ರಿಕ ಹಿಡಿತದಿಂದ ಎಲೆಕ್ಟ್ರಾನಿಕ್ ಹಿಡಿತಕ್ಕೆ ಬಂದು ದಶಕಗಳೇ ಕಳೆದಿವೆ. ವಾಲ್ವ್ ಮಾತ್ರ ಹಿಂದುಳಿದಿರುವುದಕ್ಕೆ ಬೆಲೆಯೊಂದೇ ಕಾರಣವೇ, ಅಥವಾ ಮೂಲದಲ್ಲೇ ಏನಾದರೂ ತೊಡಕಿದೆಯೇ?

ಉತ್ತರ 1: ಟ್ಯಾಪೆಟ್

ಇಗ್ನಿಷನ್ ಮತ್ತು ಇಂಜೆಕ್ಷನ್ ಜೊತೆ ನೀವು ಮಾಡಿರುವ ಹೋಲಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉತ್ತರದ ಬಹುಭಾಗ ಅಲ್ಲಿಯೇ ಇದೆ. ಸ್ಪಾರ್ಕ್ ಪ್ಲಗ್‌ನಲ್ಲಿ ಚಲಿಸುವ ಭಾಗವೇ ಇಲ್ಲ. ಇಂಜೆಕ್ಟರ್‌ನ ಸೂಜಿ ಕೆಲವೇ ಗ್ರಾಂ ತೂಗುತ್ತದೆ, ಅದು ಸರಿಯುವ ದೂರ ಒಂದು ಮಿಲಿಮೀಟರ್‌ಗಿಂತ ಬಹಳ ಕಡಿಮೆ. ವಾಲ್ವ್ ಅದಕ್ಕಿಂತ ಹತ್ತಾರು ಪಟ್ಟು ಭಾರವಾಗಿದ್ದು, ಎಂಟರಿಂದ ಹತ್ತು ಮಿಲಿಮೀಟರ್ ಚಲಿಸಿ, ನಿಂತು, ಮರಳಿ ಬರಬೇಕು.

ಸೆಮಿನಾರ್‌ನಲ್ಲಿ ಈ ಲೆಕ್ಕವನ್ನು ನೀವೇ ಮಾಡಿ ತೋರಿಸಬಹುದು. 6000 ಆರ್‌ಪಿಎಂ (ನಿಮಿಷಕ್ಕೆ 6000 ಸುತ್ತು) ವೇಗದಲ್ಲಿ ನಾಲ್ಕು ಸ್ಟ್ರೋಕ್‌ಗಳ ಒಂದು ಆವರ್ತ, ಅಂದರೆ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಎರಡು ಸುತ್ತು, 20 ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತದೆ. ಕ್ರ್ಯಾಂಕ್ 240 ಡಿಗ್ರಿ ತಿರುಗುವಷ್ಟು ಹೊತ್ತು ವಾಲ್ವ್ ತೆರೆದಿರುತ್ತದೆ ಎಂದಿಟ್ಟುಕೊಂಡರೆ, ತೆರೆಯಲು ಮತ್ತು ಮುಚ್ಚಲು ಒಟ್ಟಾಗಿ ಸಿಗುವುದು 7 ಮಿಲಿಸೆಕೆಂಡ್‌ಗಿಂತ ಕಡಿಮೆ ಕಾಲ. 8 ಮಿ.ಮೀ. ಲಿಫ್ಟ್‌ಗೆ (ವಾಲ್ವ್ ತೆರೆಯುವ ಎತ್ತರಕ್ಕೆ) 3 ಮಿಲಿಸೆಕೆಂಡ್ ಕೊಟ್ಟು, ಅರ್ಧ ದೂರದವರೆಗೆ ವೇಗ ಹೆಚ್ಚಿಸಿ ಉಳಿದರ್ಧದಲ್ಲಿ ತಗ್ಗಿಸಿದರೆ, ಬೇಕಾಗುವ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಸುಮಾರು 360 ಪಟ್ಟು. ನಡುದಾರಿಯಲ್ಲಿ ವಾಲ್ವ್‌ನ ವೇಗ ಸೆಕೆಂಡಿಗೆ 5 ಮೀಟರ್ ದಾಟಿರುತ್ತದೆ. ಅದರೊಂದಿಗೆ ಚಲಿಸುವ ಭಾಗಗಳೂ ಸೇರಿ 100 ಗ್ರಾಂ ತೂಕವಿದ್ದರೆ ಆ ಕ್ಷಣದ ಚಲನಶಕ್ತಿ 1.4 ಜೂಲ್. ಹದಿನಾರು ವಾಲ್ವ್‌ಗಳು, ಪ್ರತಿಯೊಂದೂ ಸೆಕೆಂಡಿಗೆ 50 ಬಾರಿ, ಪ್ರತಿ ಬಾರಿಯೂ ಹೋಗಿ ಬರುವ ಎರಡು ಓಟ. ಈ ಶಕ್ತಿಯನ್ನು ಮರಳಿ ಪಡೆಯುವ ದಾರಿಯಿಲ್ಲದಿದ್ದರೆ ವಾಲ್ವ್‌ಗಳನ್ನು ಅಲುಗಾಡಿಸುವುದಕ್ಕೆಂದೇ 2.2 ಕಿಲೋವ್ಯಾಟ್‌ನಷ್ಟು ಖರ್ಚಾಗುತ್ತದೆ. ಚಾಲಕದ ನಷ್ಟ, ಆಲ್ಟರ್ನೇಟರ್‌ನ (ವಾಹನದ ವಿದ್ಯುತ್ ಜನಕದ) ನಷ್ಟ ಇವೆಲ್ಲ ಅದರ ಮೇಲೆ. ಎಕ್ಸಾಸ್ಟ್ ವಾಲ್ವ್ (ಉರಿದ ಅನಿಲವನ್ನು ಹೊರಬಿಡುವ ವಾಲ್ವ್) ತೆರೆಯುವಾಗ ಸಿಲಿಂಡರ್‌ನೊಳಗೆ ಇನ್ನೂ ಉಳಿದಿರುವ ಒತ್ತಡವನ್ನು ಎದುರಿಸಬೇಕಾದ ಬಲವನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ. 2000ದ ಆಸುಪಾಸಿನಲ್ಲಿ ಕಾರುಗಳ ವಿದ್ಯುತ್ ವ್ಯವಸ್ಥೆಯನ್ನು 12 ವೋಲ್ಟ್‌ನಿಂದ 42 ವೋಲ್ಟ್‌ಗೆ ಏರಿಸಬೇಕೆಂಬ ಚರ್ಚೆ ಜೋರಾಗಿದ್ದಾಗ, ವಿದ್ಯುತ್ಕಾಂತೀಯ ವಾಲ್ವ್‌ಗಳನ್ನು ಅದಕ್ಕೊಂದು ಕಾರಣವಾಗಿ ಮುಂದಿಡಲಾಗುತ್ತಿತ್ತು ಎಂಬುದು ಈ ಲೆಕ್ಕದ ಹಿನ್ನೆಲೆಯಲ್ಲಿ ಸಹಜವಾಗಿ ಕಾಣುತ್ತದೆ.

ಈಗ ಕ್ಯಾಮ್ ಇದೇ ಕೆಲಸವನ್ನು ಹೇಗೆ ಮಾಡುತ್ತದೆ ನೋಡಿ. ಉಬ್ಬು ಏರುವಾಗ ವಾಲ್ವ್ ಸ್ಪ್ರಿಂಗ್ ಅದುಮಿಕೊಂಡು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಬ್ಬು ಇಳಿಯುವಾಗ ಅದೇ ಸ್ಪ್ರಿಂಗ್ ಕ್ಯಾಮ್ ಅನ್ನು ತಿರುಗುವ ದಿಕ್ಕಿಗೇ ತಳ್ಳಿ, ಪಡೆದದ್ದರ ಬಹುಪಾಲನ್ನು ಹಿಂದಿರುಗಿಸುತ್ತದೆ. ಕಳೆದುಹೋಗುವುದು ಹೆಚ್ಚಾಗಿ ಘರ್ಷಣೆಯ ಪಾಲು ಮಾತ್ರ. ಅದಲ್ಲದೆ ಉಬ್ಬಿನ ಕೊನೆಯಲ್ಲಿ ಇಳಿಜಾರನ್ನು ಬಹಳ ಸೌಮ್ಯವಾಗಿ ಕೊರೆದಿರುವುದರಿಂದ ವಾಲ್ವ್ ತನ್ನ ಸೀಟ್ (ಮುಚ್ಚಿದಾಗ ಕೂರುವ ಅಂಚು) ಮೇಲೆ ಬಡಿಯದೆ ಕೂರುತ್ತದೆ. ಚೈನ್ ಅಥವಾ ಬೆಲ್ಟ್ ಸರಿಯಾಗಿರುವವರೆಗೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಡಿಕ್ಕಿ ಹೊಡೆಯುವ ಪ್ರಶ್ನೆಯೂ ಇಲ್ಲ. ಶಕ್ತಿಯ ಮರುಗಳಿಕೆ, ಮೆತ್ತನೆಯ ಇಳಿತ, ಪಿಸ್ಟನ್‌ನೊಂದಿಗೆ ತಪ್ಪದ ಹೊಂದಾಣಿಕೆ ಇವು ಮೂರನ್ನೂ ಕ್ಯಾಮ್ ಒಂದೇ ಉಕ್ಕಿನ ದಂಡದಲ್ಲಿ ಒದಗಿಸುತ್ತದೆ. ಕ್ಯಾಮ್ ತೆಗೆದವರು ಪ್ರತಿಯೊಂದಕ್ಕೂ ಬೇರೆ ಬೇರೆ ಪರಿಹಾರವನ್ನು ಕಂಡುಕೊಳ್ಳಬೇಕು. ಕ್ಯಾಮ್ ಹಳೆಯ ಕಾಲದ ಜಡ ಲೋಹದ ತುಂಡು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಕ್ಯಾಮ್‌ಗೂ ಮಿತಿಯಿದೆ, ಆದರೆ ಅದರ ನಿಜವಾದ ದುರ್ಬಲ ಭಾಗ ಸ್ಪ್ರಿಂಗ್. ವೇಗ ಹೆಚ್ಚಿದಂತೆ ಸ್ಪ್ರಿಂಗ್‌ಗೆ ವಾಲ್ವ್‌ನ ಜಡತ್ವವನ್ನು ತಡೆಹಿಡಿಯಲಾಗದೆ ವಾಲ್ವ್ ಕ್ಯಾಮ್‌ನ ಹಿಡಿತ ಬಿಟ್ಟು ತೇಲುತ್ತದೆ. ಸ್ಪ್ರಿಂಗ್ ತಾನೇ ತನ್ನ ಸ್ವಾಭಾವಿಕ ಆವರ್ತನದಲ್ಲಿ ಕಂಪಿಸತೊಡಗುವುದೂ ಉಂಟು. 1954ರ ಮರ್ಸಿಡಿಸ್ ಡಬ್ಲ್ಯು 196 ರೇಸ್ ಕಾರು, ಅದಾದ ಮೇಲೆ 1956ರಲ್ಲಿ ಫಾಬಿಯೊ ತಾಲಿಯೋನಿ ಅವರು ಡುಕಾಟಿಯ 125 ಸಿಸಿ ರೇಸ್ ಬೈಕಿಗೆ ಮಾಡಿದ ವಿನ್ಯಾಸ, ಇವೆರಡೂ ಸ್ಪ್ರಿಂಗ್‌ನ ಕೆಲಸವನ್ನು ಮುಚ್ಚುವ ಕ್ಯಾಮ್ ಒಂದಕ್ಕೆ ವಹಿಸಿದವು. ಇದನ್ನೇ ಡೆಸ್ಮೊಡ್ರೊಮಿಕ್ ಎನ್ನುತ್ತಾರೆ. ರೆನೊ ಸಂಸ್ಥೆ 1986ರಲ್ಲಿ ತನ್ನ ಫಾರ್ಮುಲಾ ಒನ್ ಎಂಜಿನ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಒತ್ತಡದ ಅನಿಲವನ್ನು ಬಳಸಿತು, ಮುಂದೆ ಅದೇ ದಾರಿಯಲ್ಲಿ ಆ ಕ್ರೀಡೆಯ ಎಂಜಿನ್‌ಗಳು 2006ರ ವೇಳೆಗೆ 20,000 ಆರ್‌ಪಿಎಂ ತಲುಪಿದವು. ಕ್ಯಾಮ್ ಮಾತ್ರ ಅಲ್ಲೆಲ್ಲ ಉಳಿದುಕೊಂಡಿತು.

ಸೆಮಿನಾರ್‌ಗೆ ಒಂದು ಸಣ್ಣ ಎಚ್ಚರಿಕೆ. ಸೈಡ್ ವಾಲ್ವ್, ಪುಶ್‌ರಾಡ್, ಜೋಡಿ ಕ್ಯಾಮ್ ಎಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಬೇಡಿ. ಜೋಡಿ ಕ್ಯಾಮ್ ಮತ್ತು ಸಿಲಿಂಡರ್‌ಗೆ ನಾಲ್ಕು ವಾಲ್ವ್‌ಗಳಿದ್ದ ಪ್ಯೂಜೊ ರೇಸ್ ಕಾರು 1912ರಲ್ಲಿಯೇ ಓಡಿತ್ತು. ನೀವು ಹೆಸರಿಸಿದ ಫೋರ್ಡ್ ಅದಕ್ಕಿಂತ ಇಪ್ಪತ್ತು ವರ್ಷ ಈಚಿನದು.

ಉತ್ತರ 2: ಸುರುಳಿಕಾಂತ

ಮೇಲಿನ ಉತ್ತರದಲ್ಲಿ ಒಂದೇ ವಾಕ್ಯದಲ್ಲಿ ದಾಟಿಹೋದ ಮೆತ್ತನೆಯ ಇಳಿತದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ವಿದ್ಯುತ್ಕಾಂತೀಯ ವಾಲ್ವ್‌ಗಳ ಹಲವು ಯೋಜನೆಗಳು ಮುಗ್ಗರಿಸಿದ್ದು ಅಲ್ಲಿಯೇ.

ಶಕ್ತಿಯ ಮರುಗಳಿಕೆಗೆ ಆ ಯೋಜನೆಗಳಲ್ಲಿ ಜಾಣ ಉಪಾಯವೊಂದಿತ್ತು. ವಾಲ್ವ್‌ನ ಕಾಂಡಕ್ಕೆ ಕಬ್ಬಿಣದ ಬಿಲ್ಲೆಯೊಂದನ್ನು ಸೇರಿಸಿ, ಎರಡು ಕಡೆಯಿಂದಲೂ ಒಂದೊಂದು ಸ್ಪ್ರಿಂಗ್ ಒತ್ತುವಂತೆ ಮಾಡುತ್ತಾರೆ. ಬಿಲ್ಲೆಯ ಮೇಲೊಂದು, ಕೆಳಗೊಂದು ವಿದ್ಯುತ್ಕಾಂತ. ಮೇಲಿನ ಕಾಂತ ಬಿಟ್ಟ ಕೂಡಲೇ ಸ್ಪ್ರಿಂಗ್‌ಗಳೇ ವಾಲ್ವ್ ಅನ್ನು ಆಚೆ ದಡಕ್ಕೆ ಎಸೆಯುತ್ತವೆ, ಕೆಳಗಿನ ಕಾಂತ ಅದನ್ನು ಹಿಡಿದುಕೊಳ್ಳುತ್ತದೆ. ಓಟದ ಕಾಲವನ್ನು ಸ್ಪ್ರಿಂಗ್‌ನ ಬಿಗಿ ಮತ್ತು ವಾಲ್ವ್‌ನ ತೂಕ ನಿರ್ಧರಿಸುತ್ತವೆ, ಕಾಂತವು ಘರ್ಷಣೆಯಲ್ಲಿ ಹೋದದ್ದನ್ನು ತುಂಬಿಕೊಟ್ಟರೆ ಸಾಕು. ಇಲ್ಲಿಯವರೆಗೆ ಸೊಗಸಾಗಿದೆ. ಆದರೆ ಕಾಂತದ ಸೆಳೆತ ಅಂತರದ ವರ್ಗಕ್ಕೆ ವಿಲೋಮವಾಗಿ ಹೆಚ್ಚುತ್ತದೆ. ದೂರವಿದ್ದಾಗ ಸಾಲದಷ್ಟು ಕ್ಷೀಣವಾಗಿರುವ ಅದೇ ಬಲ, ಕೊನೆಯ ಅರ್ಧ ಮಿಲಿಮೀಟರ್‌ನಲ್ಲಿ ವಿಪರೀತವಾಗಿ ಏರಿ ಬಿಲ್ಲೆಯನ್ನು ಬಡಿದೆಳೆದುಕೊಳ್ಳುತ್ತದೆ. ಕಾಯಿಲ್‌ನ ಕರೆಂಟ್ ಅನ್ನು ತಕ್ಷಣ ತಗ್ಗಿಸೋಣವೆಂದರೆ ಇಂಡಕ್ಟನ್ಸ್ (ಕರೆಂಟ್‌ನ ಬದಲಾವಣೆಯನ್ನು ತಡೆಯುವ ಕಾಯಿಲ್‌ನ ಗುಣ) ಮತ್ತು ಎಡ್ಡಿ ಕರೆಂಟ್ (ಕಬ್ಬಿಣದೊಳಗೆ ಹುಟ್ಟುವ ಸುಳಿ ಪ್ರವಾಹ) ಬಿಡುವುದಿಲ್ಲ. ಸ್ವಲ್ಪ ಮುಂಚಿತವಾಗಿ ತಗ್ಗಿಸಿದರೆ ವಾಲ್ವ್ ಹಿಡಿತಕ್ಕೇ ಸಿಗದೆ ನಡುವೆ ನಿಂತುಬಿಡುತ್ತದೆ, ಅಂದರೆ ಆ ಸುತ್ತಿನಲ್ಲಿ ಆ ಸಿಲಿಂಡರ್‌ನ ಕೆಲಸ ಕೆಟ್ಟಂತೆ. ಕ್ಯಾಮ್ ಇಳಿಜಾರಿನ ಮೇಲೆ ವಾಲ್ವ್ ಸೀಟ್ ಮುಟ್ಟುವ ವೇಗವನ್ನು ಸೆಕೆಂಡಿಗೆ ಮೀಟರ್‌ನ ಒಂದು ಚಿಕ್ಕ ಅಂಶಕ್ಕೆ ಇಳಿಸಿರುತ್ತಾರೆ; ಅದನ್ನೇ ಸೆಕೆಂಡಿಗೆ ನೂರಾರು ಬಾರಿ, ಎಣ್ಣೆ ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ, ಸಿಲಿಂಡರ್ ಒತ್ತಡ ಪ್ರತಿ ದಹನಕ್ಕೂ ಕೊಂಚ ಬೇರೆಯಾಗುತ್ತಿರುವಾಗಲೂ, ವಾಹನದ ಆಯುಷ್ಯ ಪೂರ್ತಿ ಸಾಧಿಸಬೇಕು. ತಪ್ಪಿದರೆ ಗದ್ದಲ, ಸೀಟ್ ಸವೆತ, ಕೊನೆಗೆ ವಾಲ್ವ್ ಮುರಿತ.

ಇನ್ನೊಂದು ತೊಡಕು ಕಾಗದದ ಮೇಲೆ ಕಾಣುವುದಿಲ್ಲ. ಈ ವಿನ್ಯಾಸದಲ್ಲಿ ಲಿಫ್ಟ್ ಸ್ಥಿರವಾಗಿರುತ್ತದೆ: ವಾಲ್ವ್ ಒಂದೋ ಈ ದಡ, ಇಲ್ಲವೆ ಆ ದಡ. ಕಾಲವನ್ನು ಬೇಕಾದಂತೆ ಬದಲಿಸಬಹುದು, ತೆರೆಯುವ ಎತ್ತರವನ್ನಲ್ಲ. ಬ್ರಿಟನ್ನಿನ ಕ್ಯಾಮ್‌ಕಾನ್ ಸಂಸ್ಥೆ ಬೇರೆ ದಾರಿ ಹಿಡಿದು, ಪ್ರತಿ ವಾಲ್ವ್‌ಗೂ ಒಂದು ವಿದ್ಯುತ್ ಮೋಟಾರ್ ಮತ್ತು ಅದು ತಿರುಗಿಸುವ ಪುಟ್ಟ ಕ್ಯಾಮ್ ಅನ್ನು ಡೆಸ್ಮೊಡ್ರೊಮಿಕ್ ರೀತಿಯಲ್ಲಿ ಜೋಡಿಸಿತು. ಮೋಟಾರ್ ಪೂರ್ತಿ ಸುತ್ತಿದರೆ ಪೂರ್ಣ ಲಿಫ್ಟ್, ಅತ್ತಿತ್ತ ತೂಗಿದರೆ ಅರೆ ಲಿಫ್ಟ್. ಮೆತ್ತನೆಯ ಇಳಿತಕ್ಕಾಗಿ ಕ್ಯಾಮ್ ಆಕಾರವನ್ನೇ ಮತ್ತೆ ಕರೆತರಬೇಕಾಯಿತು ಎಂಬುದನ್ನು ಗಮನಿಸಿ.

ಉತ್ತರ 3: ಹಡಗಿನ ಎಂಜಿನ್‌ಕೋಣೆ

ಚರ್ಚೆಯೆಲ್ಲ ಕಾರು ಮತ್ತು ರೇಸ್‌ಗಳ ಸುತ್ತ ನಡೆದಿದೆ. ಕ್ಯಾಮ್‌ಶಾಫ್ಟ್ ಇಲ್ಲದ ಎಂಜಿನ್ ಎಂದೋ ಬರಲಿರುವ ವಸ್ತುವಲ್ಲ. ದೊಡ್ಡ ಸರಕು ಹಡಗುಗಳಲ್ಲಿ ಅದು ಕಾಲು ಶತಮಾನದಿಂದ ದಿನನಿತ್ಯದ ಸಂಗತಿ.

ಮ್ಯಾನ್ ಬಿ ಅಂಡ್ ಡಬ್ಲ್ಯು ಸಂಸ್ಥೆಯ ಎಂಇ ಮಾದರಿಯ ನಿಯಂತ್ರಣ 2000ದಲ್ಲಿ ಬೋ ಸೆಸಿಲ್ ಎಂಬ ರಾಸಾಯನಿಕ ಸಾಗಣೆ ಹಡಗಿನಲ್ಲಿ ಕೆಲಸ ಆರಂಭಿಸಿತು. ಮರುವರ್ಷ ಸುಲ್ಜರ್ ಆರ್‌ಟಿ-ಫ್ಲೆಕ್ಸ್ ಎಂಜಿನ್ ಹೊತ್ತ ಜಿಪ್ಸಮ್ ಸೆಂಟೆನಿಯಲ್ ಸಮುದ್ರಕ್ಕಿಳಿಯಿತು. 2006ರ ಎಮ್ಮಾ ಮಾರ್ಸ್ಕ್ ಹಡಗಿನಲ್ಲಿ ಇದೇ ಕುಟುಂಬದ ಹದಿನಾಲ್ಕು ಸಿಲಿಂಡರ್‌ಗಳ ಎಂಜಿನ್ ಇದೆ. ಸಿಲಿಂಡರ್‌ನ ವ್ಯಾಸ 960 ಮಿ.ಮೀ., ಸ್ಟ್ರೋಕ್ 2500 ಮಿ.ಮೀ., ಸಾಮರ್ಥ್ಯ ಸುಮಾರು 80 ಮೆಗಾವ್ಯಾಟ್. ಇಷ್ಟು ದೊಡ್ಡ ಯಂತ್ರದಲ್ಲಿ ಸಾಧ್ಯವಾದದ್ದು ಪುಟ್ಟ ಕಾರಿನಲ್ಲಿ ಏಕೆ ಆಗದು ಎಂದು ಯಾರಿಗಾದರೂ ಅನಿಸಬಹುದು. ವಾಸ್ತವದಲ್ಲಿ ದೊಡ್ಡದರಲ್ಲಿಯೇ ಇದು ಸುಲಭ. ಆ ಎಂಜಿನ್‌ನ ಗರಿಷ್ಠ ವೇಗ ನಿಮಿಷಕ್ಕೆ ಸುಮಾರು 102 ಸುತ್ತು. ಎರಡು ಸ್ಟ್ರೋಕ್‌ನ ಎಂಜಿನ್ ಆದ್ದರಿಂದ ವಾಲ್ವ್ ಪ್ರತಿ ಸುತ್ತಿಗೂ ತೆರೆಯಬೇಕಾದರೂ, ಒಂದು ಸುತ್ತಿಗೆ ಅರ್ಧ ಸೆಕೆಂಡ್‌ಗಿಂತ ಹೆಚ್ಚು ಕಾಲವಿದೆ. ಟ್ಯಾಪೆಟ್ ಅವರ ಲೆಕ್ಕದ 20 ಮಿಲಿಸೆಕೆಂಡ್ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಗಾಳಿ ಸಿಲಿಂಡರ್ ಗೋಡೆಯ ಕಿಂಡಿಗಳಿಂದ ಬರುವುದರಿಂದ ಪ್ರತಿ ಸಿಲಿಂಡರ್‌ಗೂ ಇರುವುದು ಒಂದೇ ಒಂದು ಎಕ್ಸಾಸ್ಟ್ ವಾಲ್ವ್.

ಇನ್ನೂ ಮುಖ್ಯವಾದದ್ದು ಹಿಂದಿನ ವಿನ್ಯಾಸ. ಕ್ಯಾಮ್ ಇದ್ದ ಕಾಲದಲ್ಲಿಯೂ ಈ ವರ್ಗದ ಎಂಜಿನ್‌ಗಳಲ್ಲಿ ಕ್ಯಾಮ್ ನೇರವಾಗಿ ವಾಲ್ವ್ ಅನ್ನು ಒತ್ತುತ್ತಿರಲಿಲ್ಲ. ಅದು ಎಣ್ಣೆಯ ಪಿಸ್ಟನ್ ಒಂದನ್ನು ತಳ್ಳುತ್ತಿತ್ತು, ಕೊಳವೆಯಲ್ಲಿ ಹರಿದ ಎಣ್ಣೆ ಮೇಲಿನ ವಾಲ್ವ್ ಅನ್ನು ತೆರೆಯುತ್ತಿತ್ತು, ಗಾಳಿಯ ಸ್ಪ್ರಿಂಗ್ ಅದನ್ನು ಮುಚ್ಚುತ್ತಿತ್ತು. ಮಾಡಬೇಕಾಗಿದ್ದುದು ಆ ಎಣ್ಣೆಯನ್ನು ತಳ್ಳುವ ಕ್ಯಾಮ್ ಬದಲಿಗೆ ಒತ್ತಡದ ಎಣ್ಣೆಯ ಸಾಲು ಮತ್ತು ಎಲೆಕ್ಟ್ರಾನಿಕ್ ನಿಯಂತ್ರಣದ ಕವಾಟವನ್ನು ಕೂರಿಸುವುದು ಮಾತ್ರ. ಲಾಭ ನೇರವಾಗಿ ಸಿಕ್ಕಿತು: ಹಡಗು ನಿಧಾನವಾಗಿ ಸಾಗುವಾಗ ಹೊಗೆಯಿಲ್ಲದೆ ನಿಮಿಷಕ್ಕೆ ಹತ್ತು ಹನ್ನೆರಡು ಸುತ್ತಿನವರೆಗೂ ಎಂಜಿನ್ ಸ್ಥಿರವಾಗಿ ಓಡಬಲ್ಲದು. ಹಿಮ್ಮುಖವಾಗಿ ತಿರುಗಿಸಲು ಕ್ಯಾಮ್ ಅಥವಾ ರೋಲರ್‌ಗಳನ್ನು ಸರಿಸುವ ಯಾಂತ್ರಿಕ ಏರ್ಪಾಡು ಬೇಕಿಲ್ಲ, ಸಾಫ್ಟ್‌ವೇರ್‌ನಲ್ಲಿ ಕಾಲಕ್ರಮ ಬದಲಿಸಿದರಾಯಿತು. ಹಡಗಿನ ಖರ್ಚಿನಲ್ಲಿ ಇಂಧನದ್ದೇ ದೊಡ್ಡ ಪಾಲಾದ್ದರಿಂದ ಅಲ್ಪ ಉಳಿತಾಯವೂ ಚಾಲಕಗಳ ಬೆಲೆಯನ್ನು ಬೇಗ ತೀರಿಸುತ್ತದೆ. ಎಂಜಿನ್‌ನ ಪಕ್ಕದಲ್ಲಿ ಅದನ್ನು ನೋಡಿಕೊಳ್ಳುವ ಎಂಜಿನಿಯರ್‌ಗಳು ಇರುತ್ತಾರೆ ಎಂಬುದನ್ನೂ ಮರೆಯಬಾರದು. ಕಾರಿನ ಮಾಲೀಕರಿಗೆ ಆ ಸೌಕರ್ಯವಿಲ್ಲ.

ಯಂತ್ರಾಸಕ್ತ

ಮೂವರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಹಣದ ಚಿಂತೆಯಿಲ್ಲದ ಫಾರ್ಮುಲಾ ಒನ್ ತಂಡಗಳು ಇದನ್ನು ಏಕೆ ಬಳಸಲಿಲ್ಲ? ಮತ್ತು ಸ್ವೀಡನ್ನಿನ ಕಾರು ತಯಾರಕ ಕೊನಿಗ್ಸೆಗ್‌ನ, ಕ್ಯಾಮ್ ಇಲ್ಲದ ಫ್ರೀವಾಲ್ವ್ ವ್ಯವಸ್ಥೆ ಕಾರಿನಲ್ಲಿಯೇ ಓಡಿತಲ್ಲವೇ, ಅಲ್ಲಿ ಈ ತೊಡಕುಗಳು ಬಗೆಹರಿದಿವೆಯೇ?

ಉತ್ತರ 4: ಟ್ಯಾಪೆಟ್

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಫಾರ್ಮುಲಾ ಒನ್‌ನ ನಿಯಮಗಳು 2006ರಿಂದ ವಾಲ್ವ್‌ನ ಕಾಲ ಅಥವಾ ಲಿಫ್ಟ್ ಬದಲಿಸುವ ವ್ಯವಸ್ಥೆಗಳನ್ನು ನಿಷೇಧಿಸಿದವು. ಬದಲಿಸುವ ಅನುಮತಿಯೇ ಇಲ್ಲದ ಮೇಲೆ ಕ್ಯಾಮ್ ಬಿಡುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಸ್ವಾರಸ್ಯಕರ. ಫ್ರೀವಾಲ್ವ್‌ನಲ್ಲಿ ಒತ್ತಡದ ಗಾಳಿ ವಾಲ್ವ್ ಅನ್ನು ತೆರೆಯುತ್ತದೆ, ಎಣ್ಣೆ ಅದನ್ನು ಹಿಡಿದಿಟ್ಟು ಇಳಿತವನ್ನು ಮೆತ್ತಗಾಗಿಸುತ್ತದೆ, ಎಲೆಕ್ಟ್ರಾನಿಕ್ಸ್ ಯಾವಾಗ ಎಷ್ಟು ಎಂಬುದನ್ನು ನಿರ್ಧರಿಸುತ್ತದೆ. ಸುರುಳಿಕಾಂತ ಅವರು ವಿವರಿಸಿದ ಕಾಂತದ ಸಮಸ್ಯೆ ಇಲ್ಲಿ ಹಾಗೆ ಕಾಡುವುದಿಲ್ಲ, ಲಿಫ್ಟ್ ಕೂಡ ಬದಲಾಗಬಲ್ಲದು. 2016ರ ಗ್ವಾಂಗ್‌ಝೌ ವಾಹನ ಪ್ರದರ್ಶನದಲ್ಲಿ ಚೀನಾದ ಕೊರೋಸ್ ಸಂಸ್ಥೆ ಇದನ್ನು 1.6 ಲೀಟರ್ ಟರ್ಬೊ ಎಂಜಿನ್‌ನಲ್ಲಿ ತೋರಿಸಿತು. 2020ರಲ್ಲಿ ಕೊನಿಗ್ಸೆಗ್ ತನ್ನ ಜೆಮೆರಾ ಕಾರಿಗಾಗಿ ಪ್ರಕಟಿಸಿದ ಮೂರು ಸಿಲಿಂಡರ್‌ಗಳ 2 ಲೀಟರ್ ಎಂಜಿನ್‌ಗೆ 600 ಅಶ್ವಶಕ್ತಿ ಇತ್ತು. ಆ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ನ ಎರಡು ಎಕ್ಸಾಸ್ಟ್ ವಾಲ್ವ್‌ಗಳು ಬೇರೆ ಬೇರೆ ಟರ್ಬೊಗಳಿಗೆ ದಾರಿ ಬಿಡುತ್ತವೆ. ಕಡಿಮೆ ವೇಗದಲ್ಲಿ ಒಂದನ್ನು ಮುಚ್ಚಿಯೇ ಇಟ್ಟು ಎಲ್ಲ ಅನಿಲವನ್ನೂ ಒಂದೇ ಟರ್ಬೊಗೆ ಹರಿಸಬಹುದು. ಕ್ಯಾಮ್‌ಶಾಫ್ಟ್ ಇಟ್ಟುಕೊಂಡು ಇದನ್ನು ಇಷ್ಟು ಸರಳವಾಗಿ ಮಾಡಲಾಗದು. ಆದರೆ ಅದೇ ಕಾರಿಗೆ 2023ರಲ್ಲಿ ಕ್ಯಾಮ್‌ಶಾಫ್ಟ್ ಇರುವ ವಿ-8 ಎಂಜಿನ್‌ನ ಆಯ್ಕೆ ಬಂದಾಗ ಕೊಳ್ಳುವವರ ಒಲವು ಅತ್ತ ಹೋಯಿತು.

ನನ್ನ ದೃಷ್ಟಿಯಲ್ಲಿ ಕ್ಯಾಮ್‌ಲೆಸ್ (ಕ್ಯಾಮ್ ಇಲ್ಲದ) ತಂತ್ರಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಸೋಲಲ್ಲ, ಅದರ ಲಾಭಗಳನ್ನು ಇತರರು ಕಂತುಕಂತಾಗಿ ಹೊತ್ತುಕೊಂಡು ಹೋದದ್ದು. ಅತಿ ದೊಡ್ಡ ಆಕರ್ಷಣೆಯೆಂದರೆ ಥ್ರಾಟಲ್ (ಒಳಬರುವ ಗಾಳಿಯ ದಾರಿಯನ್ನು ಕಿರಿದಾಗಿಸುವ ತಟ್ಟೆ) ನಷ್ಟವನ್ನು ತಪ್ಪಿಸುವುದು: ಪೆಟ್ರೋಲ್ ಎಂಜಿನ್ ಕಡಿಮೆ ಹೊರೆಯಲ್ಲಿ ಓಡುವಾಗ ಮೂಗು ಮುಚ್ಚಿಕೊಂಡು ಓಡುವವನಂತೆ, ಅರೆ ಮುಚ್ಚಿದ ಥ್ರಾಟಲ್‌ನಾಚೆಯಿಂದ ಗಾಳಿ ಎಳೆಯಲು ಶಕ್ತಿ ವ್ಯಯಿಸುತ್ತದೆ. ಇಂಟೇಕ್ ವಾಲ್ವ್ (ಗಾಳಿ ಒಳಬಿಡುವ ವಾಲ್ವ್) ಅನ್ನೇ ಬೇಗ ಮುಚ್ಚಿ ಗಾಳಿಯ ಪ್ರಮಾಣವನ್ನು ನಿಯಂತ್ರಿಸಿದರೆ ಈ ನಷ್ಟದ ಬಹುಪಾಲು ತಪ್ಪುತ್ತದೆ. ಬಿಎಂಡಬ್ಲ್ಯು 2001ರಲ್ಲಿ ವಾಲ್ವ್‌ಟ್ರಾನಿಕ್ ಮೂಲಕ, ಕ್ಯಾಮ್ ಮತ್ತು ವಾಲ್ವ್ ನಡುವೆ ಮೋಟಾರ್‌ನಿಂದ ಸರಿಯುವ ಸನ್ನೆಯೊಂದನ್ನಿಟ್ಟು ಇದೇ ಕಾರ್ಯವನ್ನು ಸಾಧಿಸಿತು. ಫಿಯಟ್ 2009ರಲ್ಲಿ ಆಲ್ಫಾ ರೋಮಿಯೊ ಮೀಟೊ ಕಾರಿನಲ್ಲಿ ತಂದ ಮಲ್ಟಿಏರ್‌ನಲ್ಲಿ ಕ್ಯಾಮ್ ಮತ್ತು ಇಂಟೇಕ್ ವಾಲ್ವ್ ನಡುವೆ ಎಣ್ಣೆಯ ಕಂಬವಿದೆ. ಸೊಲೆನಾಯ್ಡ್ (ವಿದ್ಯುತ್ಕಾಂತದಿಂದ ತೆರೆಯುವ ಕವಾಟ) ಎಣ್ಣೆಯನ್ನು ಹೊರಬಿಟ್ಟರೆ ಕ್ಯಾಮ್ ಒತ್ತುತ್ತಲೇ ಇದ್ದರೂ ವಾಲ್ವ್ ಮುಚ್ಚಿಕೊಳ್ಳುತ್ತದೆ. ಇದು ಬಹುಪಾಲು ಕ್ಯಾಮ್‌ಲೆಸ್ ಸ್ವಾತಂತ್ರ್ಯವೇ, ಕ್ಯಾಮ್‌ನ ಉಬ್ಬು ಹಾಕಿದ ಗಡಿಯೊಳಗೆ ಮಾತ್ರ. 1989ರ ಹೋಂಡಾ ವಿಟೆಕ್ ಎರಡು ಬಗೆಯ ಉಬ್ಬುಗಳ ನಡುವೆ ಬದಲಿಸಿತು, ಹ್ಯುಂಡೈ 2019ರಲ್ಲಿ ತೆರೆದಿರುವ ಅವಧಿಯನ್ನೇ ಬದಲಿಸುವ ಏರ್ಪಾಡು ತಂದಿತು, ಜನರಲ್ ಮೋಟಾರ್ಸ್ 2019ರ ಮಾದರಿಗಳಿಂದ ತನ್ನ ಪುಶ್‌ರಾಡ್ ವಿ-8 ಎಂಜಿನ್‌ಗಳಲ್ಲಿ ಬೇಡವಾದ ಸಿಲಿಂಡರ್‌ಗಳನ್ನು ಹದಿನೇಳು ವಿನ್ಯಾಸಗಳಲ್ಲಿ ಸುಮ್ಮನಿರಿಸುವ ವ್ಯವಸ್ಥೆಯನ್ನು ಅಳವಡಿಸಿತು. ಹೈಬ್ರಿಡ್ ಕಾರಿನಲ್ಲಿ ಎಂಜಿನ್ ತನಗೆ ಅನುಕೂಲವಾದ ಕಿರಿದಾದ ವ್ಯಾಪ್ತಿಯಲ್ಲೇ ಹೆಚ್ಚು ಓಡುವುದರಿಂದ ಬದಲಾಯಿಸುವ ಅಗತ್ಯವೇ ತಗ್ಗಿತು. ಇಷ್ಟೆಲ್ಲ ಆದ ಮೇಲೆ ಪೂರ್ಣ ಸ್ವಾತಂತ್ರ್ಯಕ್ಕೆ ಉಳಿದಿರುವ ಲಾಭ ಚಿಕ್ಕದು, ಬೆಲೆ ಮಾತ್ರ ಹಾಗೆಯೇ ದೊಡ್ಡದು.

ಉತ್ತರ 5: ಸುರುಳಿಕಾಂತ

ಲಾಭ ಚಿಕ್ಕದು ಎಂಬ ತೀರ್ಮಾನಕ್ಕೆ ನನ್ನ ಸಹಮತ ಅರ್ಧ ಮಾತ್ರ. ಟ್ಯಾಪೆಟ್ ಅವರು ಪಟ್ಟಿ ಮಾಡಿದ ವ್ಯವಸ್ಥೆಗಳಲ್ಲಿ ಹೆಚ್ಚಿನವು ಇಂಟೇಕ್ ಬದಿಯವು. ಎಕ್ಸಾಸ್ಟ್ ವಾಲ್ವ್ ಅನ್ನು ಪ್ರತಿ ಸುತ್ತಿಗೂ ಬೇರೆಯಾಗಿ ನಡೆಸಲು ಸಾಧ್ಯವಾದರೆ, ತಣ್ಣನೆಯ ಎಂಜಿನ್ ಶುರುವಾದ ಮೊದಲ ಕ್ಷಣಗಳಲ್ಲಿ ಅದನ್ನು ಬೇಗ ತೆರೆದು ಬಿಸಿ ಅನಿಲದಿಂದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯನ್ನು ಶುದ್ಧಗೊಳಿಸುವ ಸಾಧನ) ಅನ್ನು ಕಾಯಿಸಬಹುದು. ದಹನವಾದ ಅನಿಲದ ಒಂದಿಷ್ಟು ಪಾಲನ್ನು ಸಿಲಿಂಡರ್‌ನಲ್ಲಿಯೇ ಉಳಿಸಿಕೊಂಡು, ಸ್ಪಾರ್ಕ್ ಇಲ್ಲದೆ ಸಂಪೀಡನದಿಂದಲೇ ಪೆಟ್ರೋಲ್ ಉರಿಸುವ ವಿಧಾನವನ್ನು ಹದಕ್ಕೆ ತರಬಹುದು. ಒಂದೇ ಎಂಜಿನ್‌ಗೆ ಹಲವು ಇಂಧನಗಳನ್ನು ಹೊಂದಿಸುವವರಿಗೂ ಇದು ಬೇಕಾದದ್ದೇ. ಆದರೆ ಇವೆಲ್ಲ ಎಂಜಿನ್ ಸಂಶೋಧನೆಗೆ ಹಣ ಹರಿಯುತ್ತಿರುವವರೆಗಿನ ಮಾತು; ಈಗ ಆ ಹಣದ ದೊಡ್ಡ ಪಾಲು ಬ್ಯಾಟರಿಯ ಕಡೆಗೆ ತಿರುಗಿದೆ ಎಂಬುದನ್ನು ಅಲ್ಲಗಳೆಯಲಾಗದು.

ಸೆಮಿನಾರ್‌ಗೆ ನನ್ನ ಸಲಹೆ ಇಷ್ಟು: ಪ್ರಯೋಗಾಲಯದ ಒಂಟಿ ಸಿಲಿಂಡರ್ ಎಂಜಿನ್‌ಗಳ ಬಗ್ಗೆ ಒಂದು ಪುಟ ಮೀಸಲಿಡಿ. ಲೋಟಸ್ ಸಂಸ್ಥೆಯ ಹೈಡ್ರಾಲಿಕ್ ಆಕ್ಟಿವ್ ವಾಲ್ವ್ ಟ್ರೇನ್ ಅಂಥ ಸಂಶೋಧನಾ ಎಂಜಿನ್‌ಗಳಲ್ಲಿ ಬಳಕೆಯಾಯಿತು. ಅಲ್ಲಿ ವಿದ್ಯುತ್ ಎಷ್ಟು ಖರ್ಚಾಯಿತು, ಚಾಲಕದ ಬೆಲೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹೊಸ ಉಬ್ಬೊಂದನ್ನು ಕೊರೆಯಿಸಿ ತರಿಸಲು ವಾರಗಟ್ಟಲೆ ಕಾಯುವ ಬದಲು, ವಾಲ್ವ್‌ನ ಚಲನೆಯನ್ನು ಕೀಬೋರ್ಡ್‌ನಿಂದಲೇ ತಿದ್ದುತ್ತ ಪರೀಕ್ಷಿಸಿ, ಒಪ್ಪಿಗೆಯಾದ ಚಲನೆಗೆ ತಕ್ಕಂತೆ ಕೊನೆಯಲ್ಲಿ ಉಕ್ಕಿನ ಕ್ಯಾಮ್ ಅನ್ನು ಕೊರೆಯಿಸಬಹುದು.